ಗೆದ್ದಲು ತಿಂದ ಅರ್ಧ ಮುಖ

“ಅಕ್ಕೋರೆ, ಒಂದು ಮುಖಾನ ಎಲ್ಲೀತನಕ ತಿದ್ದಬಹುದು?”

ಕೇಳಿದವಳು ಕಸ್ತೂರಿ. ಕೇಳಿಸಿಕೊಂಡವರು ಫಕೀರಮ್ಮ ಅಕ್ಕೋರು. ಪೇಟೆಯ ಝೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ ಅವರು ಹೆಣ್ಣುಮಕ್ಕಳಿಗೆ ಕಂಪ್ಯೂಟರಿನಲ್ಲಿ ಫೋಟೋ ತಿದ್ದುವುದನ್ನು ಕಲಿಸುತ್ತಿದ್ದರು. ಮೂರು ತಿಂಗಳ ತರಗತಿ. ಆರು ಕಂಪ್ಯೂಟರು, ಹನ್ನೊಂದು ಹುಡುಗಿಯರು. ಕಡೆಯ ವಾರ ಒಬ್ಬೊಬ್ಬಳೂ ಒಂದು ಪ್ರಾಜೆಕ್ಟ್ ಮಾಡಿ ಒಪ್ಪಿಸಬೇಕು. ಈ ಸಲ ಕೊಟ್ಟ ವಿಷಯ ‘ನಮ್ಮ ಮನೆಯ ಒಂದು ಮುಖ’. ಸೋಮವಾರ ಹೈಸ್ಕೂಲಿನ ದೊಡ್ಡ ಕೋಣೆಯಲ್ಲಿ ಹನ್ನೊಂದು ಚಿತ್ರಗಳನ್ನೂ ತೂಗುಹಾಕುತ್ತಾರೆ. ಮನೆಯವರು ಬಂದು ನೋಡುತ್ತಾರೆ. ಪ್ರಿಂಟಿಗೆ ಕಳಿಸಲು ಇವತ್ತು ಸಂಜೆಯವರೆಗೆ ಮಾತ್ರ ಸಮಯ.

ಕಸ್ತೂರಿ ತನ್ನ ತಾಯಿಯ ಮುಖವನ್ನು ಆರಿಸಿಕೊಂಡಿದ್ದಳು. ತಾಯಿ ಚೆನ್ನವ್ವ ಮೆಣಸಿನಕಾಯಿ ಗೋದಾಮಿನಲ್ಲಿ ತೊಟ್ಟು ಮುರಿಯುವ ಕೆಲಸದವಳು. ಕಸ್ತೂರಿ ಅಲ್ಲಿಗೇ ಹೋಗಿ ಫೋನಿನಲ್ಲಿ ಫೋಟೋ ತೆಗೆದಿದ್ದಳು. ಚೆನ್ನವ್ವನ ಕೆನ್ನೆಗಳ ಮೇಲೆ ಬಂಗು ಇತ್ತು, ಚಿತ್ರದಲ್ಲಿ ಈಗ ಇರಲಿಲ್ಲ. ಬೆರಳ ತುದಿಗಳು ಖಾರಕ್ಕೆ ಸುಲಿದು ಕೆಂಪಾಗಿದ್ದವು, ಈಗ ಬೆಣ್ಣೆಯಂತಿದ್ದವು. ನೂಲಿನ ಸೀರೆ ಹೋಗಿ ರೇಷ್ಮೆ ಸೀರೆ ಬಂದಿತ್ತು. ಬೆನ್ನ ಹಿಂದಿನ ಮೆಣಸಿನಕಾಯಿ ರಾಶಿ ಹೋಗಿ ಗುಲಾಬಿ ತೋಟ ಬಂದಿತ್ತು. ಕೇಳುವ ಮೊದಲೇ ಕಸ್ತೂರಿ ಕೆಲಸ ಮುಗಿಸಿದ್ದಳು. ಬೇಡ ಅನ್ನಿಸಿಕೊಳ್ಳಲು ಮನಸ್ಸಿಲ್ಲದವರು ಹೀಗೆಯೇ ಕೇಳುತ್ತಾರೆ.

ಫಕೀರಮ್ಮ ಚಿತ್ರವನ್ನು ನೋಡಿದರು.

“ನಿಮ್ಮವ್ವ ಇದನ್ನ ನೋಡ್ಯಾಳೇನು?”

“ಇಲ್ರಿ. ಸೋಮವಾರ ನೋಡ್ತಾಳ. ಅವತ್ತು ಕೆಲಸಕ್ಕ ಹೋಗಂಗಿಲ್ಲಂತ. ಗೋದಾಮಿನ ಹೆಂಗಸರಿಗೆಲ್ಲ ಸಾರ್ಯಾಳ, ಹೈಸ್ಕೂಲಿನಾಗ ನನ್ನ ಫೋಟೋ ಹಾಕ್ತಾರ ಅಂತ. ಯಾವ ಸೀರಿ ಉಟ್ಟು ಬರ್ಲಿ ಅಂತ ಎರಡು ಸಲ ಕೇಳ್ಯಾಳ.”

“ಮತ್ತ ನನ್ನ ಯಾಕ ಕೇಳಾಕ ಬಂದಿ?”

“ಸುಮ್ಮನ ಕೇಳಿದೆ. ನೀವು ಏನರ ಅನ್ರಿ, ನಾ ಇದನ್ನ ಹಾಕಾಕಿನ. ನಮ್ಮ ಕ್ಲಾಸಿನ ಪದ್ಮಜಾನ ಅವ್ವ ಮಾಸ್ತರರ ಹೆಂಡತಿ. ರೂಬಿಯಾನ ಅಮ್ಮಿ ಟೇಲರ್ ಅಂಗಡಿ ಇಟ್ಟಾಕಿ. ಅವರ ಬಾಜೂಕ ನಮ್ಮವ್ವ ತೊಟ್ಟು ಮುರಿಯಾಕಿ ಅಂತ ಒಬ್ಬರಿಗೂ ಗೊತ್ತಾಗಬಾರದು. ಎಲ್ಲಾರೂ ಮೊದಲ ನನ್ನ ಚಿತ್ರದ ಮುಂದ ನಿಂದ್ರಬೇಕು.”

ಫಕೀರಮ್ಮ ಒಂದು ಕುರ್ಚಿ ಎಳೆದುಕೊಂಡು ಕೂತರು. “ಮೌಸ್ ಬಿಡು. ಕೈ ಖಾಲಿ ಇದ್ದರ ಕಿವಿ ಕೇಳ್ತಾವ,” ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವಿದ್ಯಾರ್ಥಿನಿ ಇದ್ದಳು. ಚಿತ್ರ ತಿದ್ದುವುದನ್ನು ಕಲಿಯುತ್ತಿದ್ದಳು. ಅವಳ ಕೈ ಚುರುಕು. ಉಳಿದವರು ಒಂದು ಕಲೆ ಅಳಿಸುವಷ್ಟರಲ್ಲಿ ಅವಳು ಇಡೀ ಮುಖ ಮುಗಿಸಿರುತ್ತಿದ್ದಳು. ಅದು ಅವಳಿಗೆ ಗೊತ್ತಿತ್ತು. ಉಳಿದವರಿಗೂ ಗೊತ್ತಿರುವಂತೆ ನೋಡಿಕೊಳ್ಳುತ್ತಿದ್ದಳು.

ಮೊದಲ ದಿನವೇ ಗುರು ಒಂದು ನಿಯಮ ಹೇಳಿದ್ದ. ಚಿತ್ರವನ್ನು ಯಂತ್ರದಲ್ಲಿ ತೆರೆದಾಗ ಕಾಣುವುದು ಕೆಳಗಿನ ಪದರ. ಅದನ್ನು ಮುಟ್ಟಬಾರದು. ಅದರ ಮೇಲೆ ಅದರದೇ ನಕಲನ್ನು ಇನ್ನೊಂದು ಪದರವಾಗಿ ಹಾಸಬೇಕು. ಅಳಿಸುವುದು, ಬಳಿಯುವುದು ಎಲ್ಲವೂ ನಕಲಿನ ಮೇಲೆ. ಕೈ ತಪ್ಪಿದರೆ ನಕಲನ್ನು ಕಿತ್ತೆಸೆಯಬಹುದು, ಮೂಲ ಕೆಳಗೆ ಹಾಗೆಯೇ ಇರುತ್ತದೆ. ವಿದ್ಯಾರ್ಥಿನಿ ಇದನ್ನು ಪುಸ್ತಕದಲ್ಲಿ ಬರೆದುಕೊಂಡಳು. ಕೈ ತಪ್ಪುವವರಿಗೆ ಹೇಳಿದ್ದು, ತನಗಲ್ಲ ಎಂದೂ ಅಂದುಕೊಂಡಳು.

ಕಲಿಕೆ ಮುಗಿಯುತ್ತ ಬಂತು. ಗುರು ಎಲ್ಲರಿಗೂ ಒಂದು ಕೆಲಸ ಕೊಟ್ಟ. ಯಾವುದಾದರೂ ಮನೆಯಿಂದ ಹಾಳಾದ ಫೋಟೋ ಒಂದನ್ನು ತಂದು ಸರಿಮಾಡಬೇಕು. ಹದಿನೈದು ದಿನದ ಗಡುವು. ಎಲ್ಲಕ್ಕಿಂತ ಚೆನ್ನಾಗಿ ಬಂದದ್ದನ್ನು ತರಗತಿಯ ಬಾಗಿಲಿಗೆ ಹಾಕುತ್ತೇನೆ, ಒಳಗೆ ಬರುವವರೆಲ್ಲ ಅದನ್ನು ನೋಡಿಕೊಂಡೇ ಬರಲಿ ಎಂದ.

ಬಾಗಿಲಿಗೆ ನನ್ನದೇ ಬೀಳಬೇಕು ಎಂದು ವಿದ್ಯಾರ್ಥಿನಿ ಹಟ ಹಿಡಿದಳು. ಅದಕ್ಕೆ ಎಲ್ಲಕ್ಕಿಂತ ಹಾಳಾದ ಫೋಟೋ ಬೇಕಿತ್ತು. ಬೇರೆಯವರು ಬಣ್ಣ ಮಾಸಿದ್ದು, ಮಡಿಕೆ ಬಿದ್ದದ್ದು ತಂದರು. ಅವಳು ಊರೆಲ್ಲ ಅಲೆದಳು. ಒಬ್ಬ ಕುಂಬಾರಗಿತ್ತಿಯ ಮನೆಯಲ್ಲಿ ತನಗೆ ಬೇಕಾದದ್ದು ಸಿಕ್ಕಿತು.

ಅದು ಕುಂಬಾರಗಿತ್ತಿಯ ತಾಯಿಯ ಫೋಟೋ. ತಾಯಿ ತೀರಿಹೋಗಿ ಬಹಳ ವರ್ಷಗಳಾಗಿದ್ದವು. ಅವಳ ಫೋಟೋ ಎಂದು ಇದ್ದದ್ದು ಅದೊಂದೇ. ಗೋಡೆಯ ಗೆದ್ದಲು ಚೌಕಟ್ಟಿನೊಳಗೆ ನುಗ್ಗಿ ಮುಖದ ಬಲ ಅರ್ಧವನ್ನು ತಿಂದುಹಾಕಿತ್ತು. ಎಡಗಣ್ಣು, ಎಡಗೆನ್ನೆ, ಮೂಗು, ಬಾಯಿಯ ಎಡ ತುದಿ ಉಳಿದಿದ್ದವು. ಉಳಿದ ಕಾಗದವೂ ಗಾಜಿಗೆ ಅಂಟಿಕೊಂಡಿತ್ತು.

“ಒಯ್ಯಿ ತಂಗಿ,” ಎಂದಳು ಕುಂಬಾರಗಿತ್ತಿ. “ನಮ್ಮವ್ವನ ಮುಖ ಪೂರ್ತಿ ಮಾಡಿ ಕೊಡು. ನನ್ನ ಮಗಳು ಅಜ್ಜಿ ಹೆಂಗಿದ್ಲು ಅಂತ ದಿನಾ ಜೀವ ತಿಂತಾಳ. ನಾ ಹೇಳಿದ್ದು ಆಕಿಗೆ ಸಾಲವಲ್ದು. ಬಾ, ಕುಂದ್ರು. ಆ ಕಡೆ ಮುಖ ಹೆಂಗಿತ್ತು ಹೇಳ್ತೀನಿ.”

“ಬೇಡ ಅಕ್ಕಾ. ಯಂತ್ರಕ್ಕ ಎಲ್ಲಾ ತಿಳೀತೈತಿ.”

“ನಿನ್ನ ಯಂತ್ರಕ್ಕ ನಮ್ಮವ್ವ ಏನಾಗಬೇಕು? ಅತ್ತಿಯೋ, ಸೊಸಿಯೋ?” ಎಂದು ಕುಂಬಾರಗಿತ್ತಿ ನಕ್ಕಳು. ವಿದ್ಯಾರ್ಥಿನಿಯೂ ನಕ್ಕು, ಚೌಕಟ್ಟನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟಳು.

ಮೊದಲು ಗಾಜಿನ ಸಮೇತ ಸ್ಕ್ಯಾನ್ ಮಾಡಿದಳು. ಚಿತ್ರ ಯಂತ್ರದೊಳಗೆ ಬಂತು. ಗಾಜು ಇಲ್ಲದಿದ್ದರೆ ಇನ್ನೂ ಸ್ಪಷ್ಟವಾಗಿ ಬಂದೀತು ಎಂದು ಕಾಗದವನ್ನು ಗಾಜಿನಿಂದ ಬಿಡಿಸಲು ಹೋದಳು. ಕಾಗದ ಪುಡಿಯಾಗಿ ಮೇಜಿನ ಮೇಲೆ ಉದುರಿತು. ಅವಳು ಹೆದರಲಿಲ್ಲ. ಚಿತ್ರ ಯಂತ್ರದಲ್ಲಿ ಇದೆಯಲ್ಲ ಎಂದುಕೊಂಡು ಪುಡಿಯನ್ನು ಗುಡಿಸಿದಳು.

ಕೆಲಸಕ್ಕೆ ಕೂತಳು. ನಕಲು ಪದರ ಹಾಸಲಿಲ್ಲ. ಉಳಿದ ಅರ್ಧ ಮುಖವನ್ನು ತೊಳೆದಂತೆ ನುಣ್ಣಗೆ ಮಾಡಿದಳು. ಕಣ್ಣ ಅಂಚಿನ ಗೆರೆಗಳನ್ನು ತೆಗೆದಳು. ಹಣೆಯ ಗೆರೆಗಳನ್ನು ತೆಗೆದಳು. ಆಮೇಲೆ ಆ ಅರ್ಧವನ್ನು ಎತ್ತಿ, ಕನ್ನಡಿಯಲ್ಲಿ ಕಾಣುವಂತೆ ಮಗುಚಿ, ಗೆದ್ದಲು ತಿಂದ ಕಡೆಗೆ ಕೂರಿಸಿದಳು. ಮುಖ ಪೂರ್ತಿಯಾಯಿತು. ಮೂಗುತಿ ಎರಡಾಯಿತು, ಒಂದನ್ನು ಅಳಿಸಿದಳು. ಎರಡು ಅರ್ಧಗಳು ಕೂಡಿದ ಕಡೆ ಗುರುತೂ ಉಳಿಯದಂತೆ ತೀಡಿದಳು. ಪ್ರತಿ ಹಂತದಲ್ಲೂ ಹಳೆಯದರ ಮೇಲೆಯೇ ಸೇವ್ ಮಾಡಿದಳು. ಹದಿನೈದು ದಿನದ ಕೆಲಸ ಮೂರೇ ದಿನದಲ್ಲಿ ಮುಗಿಯಿತು.

ಗುರು ನೋಡಿದ. ಕೂಡಿಕೆ ಎಲ್ಲಿದೆ ಎಂದು ಹುಡುಕಿದ. ಸಿಗಲಿಲ್ಲ. “ಬಾಗಿಲಿಗೆ ಇದೇ,” ಎಂದ. ಉಳಿದವರ ಮುಖ ಸಣ್ಣದಾಯಿತು. ವಿದ್ಯಾರ್ಥಿನಿ ಒಂದು ಪ್ರತಿಯನ್ನು ಗುರುವಿಗೆ ಕೊಟ್ಟು, ಇನ್ನೊಂದಕ್ಕೆ ಹೊಸ ಚೌಕಟ್ಟು ಹಾಕಿಸಿಕೊಂಡು ಕುಂಬಾರಗಿತ್ತಿಯ ಮನೆಗೆ ಹೋದಳು.

ಕುಂಬಾರಗಿತ್ತಿ ಕೈ ತೊಳೆದು, ಸೆರಗಿನಿಂದ ಒರೆಸಿಕೊಂಡು, ಚಿತ್ರವನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಬಹಳ ಹೊತ್ತು ನೋಡಿದಳು.

“ಚೆಂದ ಐತಿ,” ಎಂದಳು. “ಯಾರಿವರು?”

ವಿದ್ಯಾರ್ಥಿನಿಗೆ ಸಿಟ್ಟು ಬಂತು. “ಯಾರಂದ್ರ? ನಿಮ್ಮವ್ವ! ಅರ್ಧ ಮುಖ ನೀವ ಕೊಟ್ಟದ್ದು. ಇನ್ನರ್ಧ ಅದರದ ಅಳತಿಲೆ ಮಾಡೀನಿ. ಒಂದು ಕೂದಲೆಳಿ ಫರಕ್ ಇಲ್ಲ.”

“ಅದಕ್ಕ ಈಕಿ ನಮ್ಮವ್ವ ಅಲ್ಲ. ನಮ್ಮವ್ವಗ ಎರಡು ಕಡೆ ಒಂದ ನಮೂನಿ ಇರಲಿಲ್ಲ.” ಕುಂಬಾರಗಿತ್ತಿ ಚಿತ್ರದ ಬಲಗೆನ್ನೆಯ ಮೇಲೆ ಬೆರಳಿಟ್ಟಳು. “ಗಡಿಗಿ ಸುಡೂ ಆವಿಗಿ ಬಿಚ್ಚುವಾಗ ಒಮ್ಮೆ ಬೆಂಕಿ ಹಾರಿ ಇಲ್ಲಿ ಬಡೀತು. ಕೆನ್ನಿ ಸುಟ್ಟು ಒಳಗ ಹೋಗಿತ್ತು. ಕಣ್ಣೂ ಹೋತು. ಆ ಕಡಿಯಿಂದ ಬಂದ್ರ ಆಕಿಗೆ ಕಾಣತಿರಲಿಲ್ಲ. ನಾವು ಆ ಕಡಿಯಿಂದನ ಹೋಗಿ ಬೆಲ್ಲ ಕದೀತಿದ್ವಿ. ಕೈ ಡಬ್ಬೀಗೆ ಹೋಗೂದರಾಗ ಹಿಡೀತಿದ್ಲು. ಹೆಂಗ ತಿಳೀತಿತ್ತೋ, ಇವತ್ತಿಗೂ ನನಗ ಗೊತ್ತಿಲ್ಲ.”

“ಇದನ್ನ ಅವತ್ತ ಹೇಳಬೇಕಿತ್ತು.”

“ಹೇಳಾಕ ಕುಂದ್ರಿಸಿದೆ. ನೀ ಯಂತ್ರಕ್ಕ ತಿಳೀತೈತಿ ಅಂದಿ.”

ಕುಂಬಾರಗಿತ್ತಿ ಚಿತ್ರವನ್ನು ಹಿಂದಕ್ಕೆ ಕೊಟ್ಟಳು.

“ಇರಲಿ. ಆ ಕಡಿ ಮುಖ ಬ್ಯಾಡ. ನಮ್ಮ ಅರ್ಧ ಫೋಟೋ ನಮಗ ಕೊಟ್ಟುಬಿಡು. ಅರ್ಧ ಇದ್ರೂ ಅದರಾಗ ಇದ್ದಾಕಿ ನಮ್ಮವ್ವನ.”

ಕಾಗದದ ಫೋಟೋ ಪುಡಿಯಾಗಿತ್ತು. ಯಂತ್ರದಲ್ಲಿದ್ದ ಕೆಳಗಿನ ಪದರವನ್ನು ತಾನೇ ಕೈಯಾರೆ ಉಜ್ಜಿ ಉಜ್ಜಿ ಮುಗಿಸಿದ್ದಳು. ಅರ್ಧ ಮುಖ ಈಗ ಎಲ್ಲಿಯೂ ಇರಲಿಲ್ಲ. ಅವಳು ಸುಳ್ಳು ಹೇಳಬಹುದಿತ್ತು. ಗೆದ್ದಲು ಪೂರ್ತಿ ತಿಂದಿತು ಎಂದರೆ ನಂಬುವಂಥ ಮಾತೇ. ಹೇಳಲು ಬಾಯಿ ತೆರೆದಳು. ಬಾಗಿಲ ಹತ್ತಿರ ಕುಂಬಾರಗಿತ್ತಿಯ ಆರು ವರ್ಷದ ಮಗಳು ನಿಂತು ಕೇಳುತ್ತಿದ್ದಳು.

“ಅದು ಇಲ್ಲ ಅಕ್ಕಾ. ನನ್ನ ಕೈಯಿಂದನ ಹೋತು,” ಎಂದಳು.

ಕುಂಬಾರಗಿತ್ತಿ ಅಳಲಿಲ್ಲ. ಬೈಯಲೂ ಇಲ್ಲ.

“ಹಂಗಾರ ಮೊದಲನೇ ಸಲ ನಮ್ಮವ್ವ ಜ್ವರಕ್ಕ ಸತ್ಲು,” ಎಂದಳು. “ಎರಡನೇ ಸಲ ನಿನ್ನ ಕೈಯಾಗ ಸತ್ಲು. ಜ್ವರಾನ ಕೇಳಾಕ ಬರೂದಿಲ್ಲ. ನಿನ್ನ ಕೇಳ್ತೀನಿ. ಎಬ್ಬಿಸಿ ಕೊಡು.”

ವಿದ್ಯಾರ್ಥಿನಿ ತರಗತಿಗೆ ಹೋಗಿ ಬಾಗಿಲಿಗೆ ಹಾಕಿದ್ದ ಚಿತ್ರವನ್ನು ಕೆಳಗಿಳಿಸಿದಳು. ಯಾಕೆ ಎಂದು ಗುರು ಕೇಳಿದ. ಇದು ಮುಗಿದಿಲ್ಲ ಎಂದಳು. ಗಡುವು ಮುಗಿದರೆ ಬಾಗಿಲು ಬೇರೆಯವರಿಗೆ ಹೋಗುತ್ತದೆ ಎಂದ. ಹೋಗಲಿ ಎಂದಳು. ಗುರು ಮತ್ತೆ ಕೇಳಲಿಲ್ಲ. ನಿಯಮವನ್ನು ನೆನಪಿಸಲೂ ಇಲ್ಲ. ಅವಳ ಮುಖ ನೋಡಿದರೆ ಅದರ ಅಗತ್ಯ ಇರಲಿಲ್ಲ.

ಮೊದಲು ಬಲಗಡೆಯ ಮುಖ. ಸುಟ್ಟ ಕೆನ್ನೆ ಹೇಗಿತ್ತು ಎಂದು ವಿದ್ಯಾರ್ಥಿನಿ ಕೇಳಿದಳು. ಕುಂಬಾರಗಿತ್ತಿಗೆ ಮಾತಿನಲ್ಲಿ ಹೇಳಲು ಬರಲಿಲ್ಲ. ಹಿಂಗಿತ್ತು ಅಂದಳು, ಹಂಗಲ್ಲ ಅಂದಳು, ತಲೆ ಚಚ್ಚಿಕೊಂಡಳು. ಕಡೆಗೆ ಹದ ಮಾಡಿದ ಮಣ್ಣಿನ ಒಂದು ಉಂಡೆ ತೆಗೆದು ಹಲಗೆಯ ಮೇಲೆ ಒಗೆದಳು. ಅಂಗೈಯಿಂದ ಕೆನ್ನೆ ಮಾಡಿದಳು. ಹೆಬ್ಬೆರಳಿನಿಂದ ಒಮ್ಮೆ ಒತ್ತಿದಳು. ಒತ್ತಿದ ಕಡೆಯಿಂದ ಕಣ್ಣಿನವರೆಗೆ ಉಗುರಿನಿಂದ ಎಳೆದಳು. ಮಾತಿಗೆ ಸಿಗದ ಕೆನ್ನೆ ಹೆಬ್ಬೆರಳಿಗೆ ಸಿಕ್ಕಿತು. ವಿದ್ಯಾರ್ಥಿನಿ ಆ ಹಲಗೆಯನ್ನು ಕಿಟಕಿಯ ಹತ್ತಿರ ಇಟ್ಟು, ಬೆಳಕು ಎಲ್ಲಿ ಬೀಳುತ್ತದೆ, ನೆರಳು ಎಲ್ಲಿ ನಿಲ್ಲುತ್ತದೆ ಎಂದು ನೋಡಿ ನೋಡಿ ಬಲಗೆನ್ನೆಯನ್ನು ಬರೆದಳು. ತಂದು ತೋರಿಸಿದಳು.

“ಈ ಕಡಿ ಬಂದ್ಲು,” ಎಂದಳು ಕುಂಬಾರಗಿತ್ತಿ. “ಆ ಕಡಿ ಯಾರೋ ಕುಂತಾರ.”

ಆ ಕಡೆ ಎಂದರೆ ಎಡಗಡೆ. ಗೆದ್ದಲು ಬಿಟ್ಟಿದ್ದ, ಆದರೆ ವಿದ್ಯಾರ್ಥಿನಿ ಬಿಡದಿದ್ದ ಕಡೆ. ಗೆರೆಗಳಿಲ್ಲದ ಆ ಅರ್ಧ ಈಗ ಸುಟ್ಟ ಕೆನ್ನೆಯ ಪಕ್ಕದಲ್ಲಿ ಸಾಬೂನಿನ ಜಾಹೀರಾತಿನ ಹಾಗೆ ಕಾಣುತ್ತಿತ್ತು.

ತೆಗೆದ ಗೆರೆಗಳನ್ನು ಹಿಂದಕ್ಕೆ ಹಾಕಬೇಕು. ತೆಗೆಯಲು ಅರ್ಧ ಗಂಟೆ ಸಾಕಾಗಿತ್ತು. ಹಾಕಲು ಎಲ್ಲಿಂದ ತರುವುದು? ವಿದ್ಯಾರ್ಥಿನಿ ಬೇರೆ ಯಾವುದೋ ಮುದುಕಿಯ ಫೋಟೋ ಹುಡುಕಿ, ಅದರ ಕಣ್ಣಂಚಿನ ಗೆರೆಗಳನ್ನು ಕತ್ತರಿಸಿ ಇಲ್ಲಿ ಅಂಟಿಸಿದಳು. ಕೂಡಿಕೆ ಕಾಣದಂತೆ ತೀಡಿದಳು. ತಂದು ತೋರಿಸಿದಳು.

ಕುಂಬಾರಗಿತ್ತಿ ನೋಡಿದ ಕೂಡಲೇ ತಲೆ ಅಲ್ಲಾಡಿಸಿದಳು. “ಇವು ಕುಂತು ಉಂಡಾಕಿ ಗೆರಿ. ನಮ್ಮವ್ವನವು ಹೊಗಿಗೆ ಕಣ್ಣು ಸಣ್ಣ ಮಾಡಿ ಮಾಡಿ ಬಿದ್ದ ಗೆರಿ.”

ಇನ್ನೊಂದು ತಂದಳು. ಅದೂ ಅಲ್ಲ. ಮತ್ತೊಂದು ತಂದಳು. “ಈಕಿ ಯಾರೋ ಜಗಳಗಂಟಿ,” ಎಂದಳು ಕುಂಬಾರಗಿತ್ತಿ. “ನಮ್ಮವ್ವ ಜಗಳಾಡತಿರಲಿಲ್ಲ. ಆಡಿದ್ರ ಗೆಲ್ಲತಿದ್ಲು.”

ಗಡುವು ಮುಗಿಯಿತು. ಬಾಗಿಲಿಗೆ ಬೇರೆ ಯಾರದೋ ಚಿತ್ರ ಬಿತ್ತು. ಉಳಿದವರು ಕಲಿಕೆ ಮುಗಿಸಿ ಮನೆಗೆ ಹೋದರು. ಹೋಗುವಾಗ ಒಬ್ಬಳು, “ದಿನಾ ಕುಂಬಾರರ ಮನೀಗೆ ಹೊಂಟಿಯಲ್ಲ, ಗಡಿಗಿ ಮಾಡೂದು ಕಲ್ತಿಯೇನು?” ಎಂದಳು. ವಿದ್ಯಾರ್ಥಿನಿ, “ಇನ್ನೂ ಮಣ್ಣು ತುಳಿಯೂದರಾಗ ಅದೀನಿ,” ಎಂದಳು. ಅದು ನಿಜವೂ ಆಗಿತ್ತು. ಹೋದಾಗಲೆಲ್ಲ ಕುಂಬಾರಗಿತ್ತಿ ಅವಳನ್ನು ಸುಮ್ಮನೆ ಕೂರಲು ಬಿಡುತ್ತಿರಲಿಲ್ಲ. ಮಣ್ಣು ತುಳಿಸುತ್ತಿದ್ದಳು, ನೀರು ತರಿಸುತ್ತಿದ್ದಳು. ತುಳಿಯುತ್ತಿರುವಾಗ ತಾಯಿಯ ಮಾತು ಹೇಳುತ್ತಿದ್ದಳು. ವಿದ್ಯಾರ್ಥಿನಿ ಈಗ ಬೇಡ ಅನ್ನುತ್ತಿರಲಿಲ್ಲ.

ಒಂದು ದಿನ ಆವಿಗೆಗೆ ಬೆಂಕಿ ಕೊಟ್ಟರು. ಗಾಳಿ ತಿರುಗಿ ಹೊಗೆಯೆಲ್ಲ ಅಂಗಳಕ್ಕೆ ಬಂತು. ವಿದ್ಯಾರ್ಥಿನಿ ಮುಖ ಮುಚ್ಚಿಕೊಂಡು ಹಿಂದೆ ಸರಿದಳು. ಕುಂಬಾರಗಿತ್ತಿ ಸರಿಯಲಿಲ್ಲ. ಹೊಗೆಯೊಳಗೇ ನಿಂತು, ಬೆಂಕಿ ಯಾವ ಕಡೆ ಕಡಿಮೆ ಎಂದು ಕಣ್ಣು ಸಣ್ಣ ಮಾಡಿ ನೋಡಿದಳು. ಅವಳ ಎಡಗಣ್ಣಿನ ಅಂಚಿನಲ್ಲಿ ಮೂರು ಗೆರೆಗಳು ಎದ್ದವು. ಎರಡು ಕಿವಿಯ ಕಡೆಗೆ ಹೋದವು. ಒಂದು ಕೆನ್ನೆಗೆ ಇಳಿಯಿತು.

ವಿದ್ಯಾರ್ಥಿನಿಗೆ ಆ ಗೆರೆ ಗೊತ್ತಿತ್ತು. ಕೆನ್ನೆಗೆ ಇಳಿದಿದ್ದ ಆ ಒಂದು ಗೆರೆಯನ್ನು ಅಳಿಸಲು ಅವಳು ಎಲ್ಲಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡಿದ್ದಳು.

“ಅಕ್ಕಾ, ಅಲ್ಲೇ ನಿಂದ್ರಿ. ಅಲ್ಲಾಡಬ್ಯಾಡ್ರಿ,” ಎಂದು ಕೂಗಿದಳು.

“ನಿಂದ್ರಾಕ ನಾ ಏನು ಮದುಮಗಳೇನು? ಆವಿಗಿ ಆರಿದ್ರ ನೀ ಊದ್ತಿ?” ಎಂದಳು ಕುಂಬಾರಗಿತ್ತಿ. ಆದರೂ ನಿಂತಳು. ವಿದ್ಯಾರ್ಥಿನಿ ಹೊಗೆಯೊಳಗೆ ಹೋಗಿ ಫೋಟೋ ತೆಗೆದಳು. ಅವಳ ಕಣ್ಣಲ್ಲೂ ನೀರು ಸುರಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ.

ಈ ಸಲ ಅವಳು ಕತ್ತರಿಸಿ ಅಂಟಿಸಲಿಲ್ಲ. ಮಗಳ ಮುಖದ ಗೆರೆಗಳನ್ನು ನೋಡುತ್ತ ತಾಯಿಯ ಮುಖದಲ್ಲಿ ಒಂದೊಂದನ್ನೇ ಎಳೆದಳು. ನಕಲು ಪದರ ಹಾಸಿ ಎಳೆದಳು. ಒಂದು ಗೆರೆ ತಪ್ಪಿದರೆ ಅದೊಂದನ್ನೇ ತೆಗೆದು ಮತ್ತೆ ಎಳೆದಳು. ನಾಲ್ಕು ಸಲ ಒಯ್ದು ತೋರಿಸಿದಳು. ನಾಲ್ಕು ಸಲವೂ ಕುಂಬಾರಗಿತ್ತಿ, “ಹತ್ರ ಬಂದ್ಲು, ಮನಿ ಒಳಗ ಬರವಲ್ಲಳು,” ಎಂದಳು. ನಾಲ್ಕು ಸಲವೂ ವಿದ್ಯಾರ್ಥಿನಿ ಹಿಂದಕ್ಕೆ ಒಯ್ದಳು. ಇನ್ನು ಸಾಕು ಎಂದು ಕುಂಬಾರಗಿತ್ತಿಯೇ ಒಮ್ಮೆ ಅಂದಳು. ನೀವು ಸಾಕು ಅಂದರೆ ಆಗಲಿಲ್ಲ, ನಿಮ್ಮವ್ವ ಅನ್ನಬೇಕು ಎಂದು ವಿದ್ಯಾರ್ಥಿನಿ ಎದ್ದು ಹೋದಳು.

ಐದನೆಯ ಸಲ ತಂದಾಗ ಕುಂಬಾರಗಿತ್ತಿ ಅಂಗಳದಲ್ಲಿ ಕೂತು ಗಡಿಗೆ ತಟ್ಟುತ್ತಿದ್ದಳು. ಕೈ ಮಣ್ಣಾಗಿತ್ತು. ವಿದ್ಯಾರ್ಥಿನಿ ಚಿತ್ರವನ್ನು ಎದುರಿನ ಗೋಡೆಗೆ ಒರಗಿಸಿ ದೂರ ನಿಂತಳು.

ಕುಂಬಾರಗಿತ್ತಿ ತಲೆ ಎತ್ತಿದಳು. ತಟ್ಟುವುದು ನಿಂತಿತು.

ಅವಳು ಚೆಂದ ಐತಿ ಎನ್ನಲಿಲ್ಲ. ಎದ್ದು ಚಿತ್ರದ ಹತ್ತಿರ ಹೋದಳು. ಅದರ ಎದುರಿಗೆ ಕೂರಲಿಲ್ಲ. ಸ್ವಲ್ಪ ಯೋಚಿಸಿ, ಸುಟ್ಟ ಕೆನ್ನೆಯ ಕಡೆಗೆ, ಕುರುಡು ಕಣ್ಣಿನ ಪಕ್ಕಕ್ಕೆ ಸರಿದು, ಮೈ ಸಣ್ಣ ಮಾಡಿಕೊಂಡು ಕೂತಳು. ಮಗಳನ್ನು ಕರೆದಳು.

“ಬಾ ಇಲ್ಲೆ. ಮುಂದ ಬರಬ್ಯಾಡ. ಈ ಕಡಿಯಿಂದ ಬಾ. ಈ ಕಡಿಯಿಂದ ಬಂದ್ರ ಅಜ್ಜಿಗೆ ಕಾಣೂದಿಲ್ಲ.”

ಮಗಳು ಗೋಡೆ ಹಿಡಿದು, ಸದ್ದಾಗದಂತೆ ಹೆಜ್ಜೆ ಇಟ್ಟು, ತಾಯಿಯ ಪಕ್ಕದಲ್ಲಿ ಬಂದು ಕೂತಳು. ಚಿತ್ರವನ್ನು ಓರೆಗಣ್ಣಿನಿಂದ ನೋಡಿದಳು.

“ಅವ್ವಾ,” ಎಂದು ಪಿಸುಗುಟ್ಟಿದಳು, “ಬೆಲ್ಲ ಎಲ್ಲೈತಿ?”

ವಿದ್ಯಾರ್ಥಿನಿ ಅಲ್ಲಿಂದ ಹೊರಟಳು. ಆ ದಿನ ಅವಳಿಗೆ ಕೂರು ಎಂದು ಯಾರೂ ಹೇಳಲಿಲ್ಲ, ಚಹಾ ಕೊಡಲಿಲ್ಲ, ಹೋಗಿ ಬಾ ಎಂದೂ ಅನ್ನಲಿಲ್ಲ. ತನ್ನ ಕೆಲಸ ಮುಗಿಯಿತು ಎಂದು ಅವಳಿಗೆ ಅದರಿಂದಲೇ ತಿಳಿಯಿತು.

ಕತೆ ಮುಗಿಯಿತು. ಕೆಳಗಿನ ಅಂಗಡಿಯಲ್ಲಿ ಝೆರಾಕ್ಸ್ ಯಂತ್ರ ಓಡುವುದು ಕೇಳಿಸುತ್ತಿತ್ತು. ಕಸ್ತೂರಿ ಪರದೆಯ ಮೇಲಿನ ಗುಲಾಬಿ ತೋಟವನ್ನು ನೋಡುತ್ತ ಕೂತಿದ್ದಳು. ಅವಳು ಸುಲಭಕ್ಕೆ ಸೋಲುವವಳಲ್ಲ.

“ಅದು ಸತ್ತವರ ಕತಿ ಆತ್ರಿ ಅಕ್ಕೋರೆ,” ಎಂದಳು. “ನಮ್ಮವ್ವ ಗಟ್ಟಿಮುಟ್ಟಾಗಿ ಅದಾಳ. ಆ ಹುಡುಗಿ ಹಂಗ ನಾ ಫೋಟೋ ಹಾಳು ಮಾಡಿಲ್ಲ, ನಕಲು ಪದರ ಹಾಸೇ ಕೆಲಸ ಮಾಡೀನಿ. ಮೂಲ ಫೋಟೋ ಕೆಳಗ ಹಂಗ ಐತಿ. ಮ್ಯಾಲ ಒಂದೀಟು ಚೆಂದ ಮಾಡಿದ್ರ ಯಾರಿಗೇನು ನಷ್ಟ? ಅವ್ವ ನೋಡಿ ಖುಷಿ ಪಡತಾಳ.”

“ಪದರ ಹಾಸೀದಿ, ಒಳ್ಳೇದು ಮಾಡಿದಿ,” ಎಂದರು ಫಕೀರಮ್ಮ. ಕುರ್ಚಿಯನ್ನು ಮೊದಲಿದ್ದ ಕಡೆ ಇಟ್ಟರು. ಬಾಗಿಲವರೆಗೆ ಹೋಗಿ ತಿರುಗಿದರು.

“ಕುಂಬಾರಗಿತ್ತಿ ‘ಯಾರಿವರು’ ಅಂತ ಕೇಳಿದ್ಲು; ನಿಮ್ಮವ್ವ ಕೇಳಂಗಿಲ್ಲ, ಮಗಳು ಏನೇನು ಅಳಿಸ್ಯಾಳ ಅಂತ ಒಂದೊಂದ ನೋಡಿ, ಬೆರಳು ಸೆರಗಿನಾಗ ಮುಚ್ಚಿಕೊಂಡು, ‘ಚೆಂದ ಐತಿ’ ಅಂದು ಮನೀಗೆ ಹೋಗ್ತಾಳ.”